ಹದಿಮೂರು ಸೆಕೆಂಡಿನ ಓಟಕ್ಕೆ ಅಂಗೈಯಗಲದ ಕಣ್ಣು

ಕಂಬಳದ ಕೆಸರುಗದ್ದೆಗೆ ಕರಾವಳಿಯವರು ಕರೆಯೆನ್ನುತ್ತಾರೆ. ಓಟ ಮೊದಲಾಗುವ ತುದಿ ಗಂತು. ಮುಗಿಯುವ ತುದಿ ಮಂಜೊಟ್ಟಿ. ಈ ತುದಿಯಿಂದ ಆ ತುದಿಯನ್ನು ಮುಟ್ಟುವುದಕ್ಕೆ ಒಂದು ಜೊತೆ ಕೋಣಗಳಿಗೆ ಎಷ್ಟು ಹೊತ್ತು ಬೇಕು? 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಡನೆ 142.50 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಆ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಮೆರೆದುದನ್ನು ವಾಚಕರು ಮರೆತಿರಲಾರರು. ಇಷ್ಟೇ ಹೊತ್ತಿನ ಓಟಕ್ಕಾಗಿ ಹುರುಳಿ ಬೇಯಿಸಿ ತಿನ್ನಿಸಿ, ಮೈಗೆ ಎಣ್ಣೆ ತಿಕ್ಕಿ, ಮನೆಮಕ್ಕಳಿಗಿಂತ ಒಂದು ತೂಕ ಹೆಚ್ಚಾಗಿಯೇ ಕೋಣಗಳನ್ನು ಸಾಕುವವರಿದ್ದಾರೆ.

ಬೆಂಗಳೂರಿನ ಬಡಾವಣೆಯೊಂದರಲ್ಲಿ ಹಿರಿಯ ಮಗನ ಮನೆಯಲ್ಲಿರುವ ಅಜ್ಜನೊಬ್ಬರು ಅಂತಹವರಲ್ಲೊಬ್ಬರು. ವಯಸ್ಸು ಎಂಬತ್ತನ್ನು ದಾಟಿದೆ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಂದಿನಿಂದ ಘಟ್ಟವಿಳಿದು ಊರಿಗೆ ಹೋಗುವಂತಿಲ್ಲ. ಊರಿನಲ್ಲಿ ಕೋಣಗಳನ್ನು ನೋಡಿಕೊಳ್ಳುವವನು ಕಿರಿಯ ಮಗ. ಹೋದ ಎರಡು ಕಂಬಳಗಳಲ್ಲಿ ಆ ಜೊತೆ ಕೊನೆಯ ಹತ್ತು ಮಾರಿನಲ್ಲಿ ಹಿಂದೆ ಬಿದ್ದಿತು. “ಇವು ಇನ್ನು ಓಡುವವಲ್ಲ, ಕೊಟ್ಟುಬಿಡೋಣ” ಎಂದು ಮಗ ಫೋನಿನಲ್ಲಿ ಹೇಳಿದ. “ನಾನು ಓಟ ನೋಡದೆ ಮಾತು ಕೊಡುವುದಿಲ್ಲ” ಎಂದು ಅಜ್ಜ ಹಟ ಹಿಡಿದರು. ನೋಡುವ ಬಗೆ ಹೇಗೆ? ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ಆಗತಾನೆ ಸಣ್ಣದೊಂದು ಆಕ್ಷನ್ ಕ್ಯಾಮರಾ ಕೊಂಡಿದ್ದ. “ನಾನು ತೆಗೆದು ತರುತ್ತೇನೆ, ಅಜ್ಜ” ಎಂದು ಬಸ್ಸು ಹತ್ತಿದ.

ಹುಡುಗ ಕ್ಯಾಮರಾದ ಪಟ್ಟಿಯನ್ನು ತೆರೆದು, ಎಲ್ಲೆಲ್ಲಿ ದೊಡ್ಡ ಅಂಕೆ ಕಂಡಿತೋ ಅಲ್ಲಲ್ಲಿ ಅದನ್ನೇ ಆರಿಸಿದ್ದ. ಚಿತ್ರದ ಅಗಲ 4ಕೆ. ಸೆಕೆಂಡಿಗೆ 120 ಫ್ರೇಮು. ನೋಟ ಅತಿ ವಿಶಾಲ. ಅಲುಗಾಟವನ್ನು ತಡೆಯುವ ಏರ್ಪಾಡು ಪೂರ್ಣ. ದೊಡ್ಡದು ಒಳ್ಳೆಯದಲ್ಲದೆ ಮತ್ತೇನು! ಮರಳಿ ಬಂದು ಮನೆಮಂದಿಯನ್ನೆಲ್ಲ ಟಿ.ವಿ.ಯ ಮುಂದೆ ಕೂರಿಸಿದಾಗ ಕಂಡದ್ದೇನು? ರಾತ್ರಿಯ ದೀಪಗಳ ಕೆಳಗೆ ತೆರೆಯ ಮೇಲೆ ಕಪ್ಪುಪಟ್ಟೆಗಳು ಅಲೆಯಂತೆ ಹರಿಯುತ್ತಿದ್ದವು. ಕತ್ತಲೆಯ ಜಾಗವೆಲ್ಲ ರಾಗಿಹಿಟ್ಟು ಚೆಲ್ಲಿದಂತೆ ಕಾಳುಕಾಳಾಗಿತ್ತು. ದೂರದ ಕೋಣಗಳು ಇರುವೆಗಳಾಗಿದ್ದವು. ಹುಡುಗ ಹುಮ್ಮಸ್ಸಿನಿಂದ ಓಟವನ್ನು ನಾಲ್ಕು ಪಟ್ಟು ನಿಧಾನಗೊಳಿಸಿಯೂ ಇದ್ದ, ಸದ್ದಿಲ್ಲ, ಗೌಜಿಯಿಲ್ಲ. ಅಜ್ಜ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, “ಇದು ಓಟ ಅಲ್ಲ ಮಾರಾಯ, ಮದುವೆ ದಿಬ್ಬಣ” ಎಂದರು. ಕಾರ್ಡು ಬೇರೆ ನಡುರಾತ್ರಿಗೇ ತುಂಬಿಹೋಗಿ, ಬೇಕಾಗಿದ್ದ ಕೊನೆಯ ಓಟ ಅದರೊಳಗೆ ಇರಲೇ ಇಲ್ಲ.

ಯಂತ್ರದಲ್ಲಿ ದೋಷವಿರಲಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಅದು ಮಾಡಿತ್ತು.

ಈ ಜಾತಿಯ ಕ್ಯಾಮರಾ ಹುಟ್ಟಿದ್ದು ಕಡಲ ಅಲೆಯ ಮೇಲೆ. ಅಮೆರಿಕದ ನಿಕ್ ವುಡ್‌ಮನ್ ಎಂಬಾತ ಆಸ್ಟ್ರೇಲಿಯ ಮತ್ತು ಇಂಡೊನೇಷ್ಯದ ಕರಾವಳಿಗಳಲ್ಲಿ ಅಲೆಸವಾರಿ ಮಾಡುತ್ತ, ತನ್ನ ಸವಾರಿಯನ್ನು ತಾನೇ ಚಿತ್ರಿಸಿಕೊಳ್ಳುವ ಉಪಾಯಕ್ಕಾಗಿ ತಡಕಾಡಿದ. 2002ರಲ್ಲಿ ಗೋಪ್ರೊ ಸಂಸ್ಥೆಯನ್ನು ಕಟ್ಟಿದ. 2004ರಲ್ಲಿ ಬಂದ ಅದರ ಮೊದಲ ಕ್ಯಾಮರಾ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದು, 35 ಮಿ.ಮೀ. ಫಿಲ್ಮು ತುಂಬುವಂಥದು. ಗುಂಡಿಯನ್ನು ಒತ್ತುವುದಲ್ಲದೆ ಯೋಚಿಸುವುದಕ್ಕೆ ಹೆಚ್ಚೇನೂ ಇರಲಿಲ್ಲ. 2006ರ ಡಿಜಿಟಲ್ ಕ್ಯಾಮರಾ ಒಮ್ಮೆಗೆ ಹತ್ತು ಸೆಕೆಂಡು ಮಾತ್ರ ಚಲಿಸುವ ಚಿತ್ರ ತೆಗೆಯುತ್ತಿತ್ತು. ಕಂಬಳವಾಗಿದ್ದರೆ ಮಂಜೊಟ್ಟಿಗೆ ಮುನ್ನವೇ ಕಣ್ಣು ಮುಚ್ಚುತ್ತಿತ್ತು! ಅನಂತರ ವರ್ಷವರ್ಷವೂ ಶಕ್ತಿ ಬೆಳೆಯಿತು. ಶಕ್ತಿಯೊಡನೆ ಆಯ್ಕೆಯ ಪಟ್ಟಿಯೂ ಬೆಳೆಯಿತು. ಕೊಳ್ಳುವವನ ಕಷ್ಟ ಅಲ್ಲಿಂದ ಆರಂಭ.

ತೆರೆದೇ ಇರುವ ಕಿಂಡಿ

ದೊಡ್ಡ ಕ್ಯಾಮರಾಗಳಲ್ಲಿ ಲೆನ್ಸಿನ ಕಿಂಡಿಯನ್ನು ಬೆಳಕಿಗೆ ತಕ್ಕಂತೆ ಹಿಗ್ಗಿಸಬಹುದು, ಕುಗ್ಗಿಸಬಹುದು. ಹೆಚ್ಚಿನ ಆಕ್ಷನ್ ಕ್ಯಾಮರಾಗಳಲ್ಲಿ ಆ ಸ್ವಾತಂತ್ರ್ಯವಿಲ್ಲ. ಕಿಂಡಿ ಒಂದೇ ಅಳತೆಯಲ್ಲಿ ನಿಂತಿರುತ್ತದೆ. ಹಿಂದಿರುವ ಬೆಳಕಿನ ಬಿಲ್ಲೆಯೂ ಕಿರುಬೆರಳಿನ ಉಗುರಿನಷ್ಟೇ. ಆದುದರಿಂದ ಚಿತ್ರವನ್ನು ಬೆಳಗಿಸುವುದಕ್ಕೆ ಉಳಿಯುವ ದಾರಿಗಳು ಎರಡು. ಒಂದೊಂದು ಫ್ರೇಮಿಗೂ ಬೆಳಕು ಬೀಳುವ ಕಾಲವನ್ನು, ಎಂದರೆ ಷಟರಿನ ಕಾಲವನ್ನು, ಹೆಚ್ಚಿಸಬೇಕು. ಇಲ್ಲವೆ ಐಎಸ್‌ಒ ಎಂಬ ಅಂಕೆಯನ್ನು ಏರಿಸಿ, ಬಂದಷ್ಟು ಬೆಳಕನ್ನೇ ಹಿಗ್ಗಿಸಿಕೊಳ್ಳಬೇಕು. ಕಾಲವನ್ನು ಹೆಚ್ಚಿಸಿದರೆ ಓಡುವುದು ಮಸುಕಾಗುತ್ತದೆ. ಐಎಸ್‌ಒ ಏರಿಸಿದರೆ ರಾಗಿಹಿಟ್ಟು ಚೆಲ್ಲುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದರಲ್ಲಿ ಸ್ವಲ್ಪ ಕಳೆದುಕೊಳ್ಳಲೇಬೇಕು. ಕಳೆದುಕೊಳ್ಳುವುದು ಯಾವುದನ್ನು ಎಂಬ ನಿರ್ಧಾರ ಕ್ಯಾಮರಾದ್ದಲ್ಲ, ಹಿಡಿದವನದು.

ಲೆಕ್ಕ ಹಾಕಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಐಕಳದ ಆ ವೇಗದಲ್ಲಿ ಕೋಣ ಒಂದು ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರು ಸಾಗುತ್ತದೆ. ಷಟರಿನ ಕಾಲ 1/50 ಸೆಕೆಂಡಾದರೆ ಅಷ್ಟರಲ್ಲಿ ಅದು 21 ಸೆಂಟಿಮೀಟರು ಸರಿದಿರುತ್ತದೆ. ಕೊಂಬೂ ಮೂತಿಯೂ ಕಲಸಿಹೋಗುತ್ತವೆ. 1/100 ಆದರೆ ಸರಿಯುವುದು ಅದರರ್ಧ. 1/500 ಆದರೆ ಎರಡೇ ಸೆಂಟಿಮೀಟರು. ಚಿಮ್ಮಿದ ನೀರಿನ ಹನಿಗಳು ಮಣಿ ಪೋಣಿಸಿದಂತೆ ನಿಲ್ಲುತ್ತವೆ. ಹಗಲಿನ ಓಟಗಳಿಗೆ ಇದು ಸೊಗಸು. ರಾತ್ರಿಯಾದರೆ, 1/100ಕ್ಕೆ ದೊರೆಯುವ ಬೆಳಕಿನ ಐದರಲ್ಲಿ ಒಂದು ಪಾಲು ಮಾತ್ರ ಇಲ್ಲಿ ದಕ್ಕುತ್ತದೆ. ಅಡ್ಡಲಾಗಿ ಹಾಯುವ ಕೋಣಕ್ಕಿಂತ ಕ್ಯಾಮರಾದತ್ತ ಓರೆಯಾಗಿ ಬರುವ ಕೋಣ ಕಡಿಮೆ ಮಸುಕಾಗುತ್ತದೆ. ಆದುದರಿಂದ ಎಲ್ಲಿ ನಿಲ್ಲುವುದೆಂಬುದೂ ಒಂದು ಸೆಟ್ಟಿಂಗೇ. ಅದು ಮಾತ್ರ ಪಟ್ಟಿಯಲ್ಲಿ ಸಿಕ್ಕುವುದಿಲ್ಲ.

ಕಪ್ಪುಪಟ್ಟೆಗಳ ಗುಟ್ಟು ದೀಪದಲ್ಲಿದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳದು. ಅದರಿಂದ ಉರಿಯುವ ಬಹಳಷ್ಟು ದೀಪಗಳು ಸೆಕೆಂಡಿಗೆ ನೂರು ಸಲ ಹೆಚ್ಚುಕಡಿಮೆಯಾಗುತ್ತವೆ. ಮನುಷ್ಯನ ಕಣ್ಣಿಗೆ ಇದು ತಿಳಿಯದು. ಕ್ಯಾಮರಾ ಮಾತ್ರ ಚಿತ್ರವನ್ನು ಒಮ್ಮೆಗೇ ನೋಡದೆ ಸಾಲುಸಾಲಾಗಿ ಓದುತ್ತದೆ. ದೀಪ ಏರಿದಾಗ ಓದಿದ ಸಾಲು ಬೆಳ್ಳಗೆ, ಇಳಿದಾಗ ಓದಿದ ಸಾಲು ಕಪ್ಪಗೆ. ಪಟ್ಟೆಗಳು ಹುಟ್ಟುವುದು ಹೀಗೆ. ಷಟರಿನ ಕಾಲ 1/100 ಅಥವಾ 1/50 ಆದರೆ ಪ್ರತಿಯೊಂದು ಸಾಲಿಗೂ ದೀಪದ ಪೂರ್ಣ ಏರಿಳಿತ ಸಲ್ಲುತ್ತದೆ, ಪಟ್ಟೆಗಳು ಮಾಯವಾಗುತ್ತವೆ. ಸೆಕೆಂಡಿಗೆ 120 ಫ್ರೇಮು ಕೇಳಿದವನಿಗೆ ಒಂದು ಫ್ರೇಮಿಗೆ 1/120 ಸೆಕೆಂಡಿಗಿಂತ ಹೆಚ್ಚು ಸಿಕ್ಕುವಂತೆಯೇ ಇಲ್ಲ. 30, 60, 120 ಎಂಬ ಈ ಎಣಿಕೆಗಳು 60 ಆವರ್ತನಗಳ ವಿದ್ಯುತ್ತಿರುವ ಅಮೆರಿಕದಂತಹ ದೇಶಗಳ ದೀಪಗಳಿಗೆ ಹೊಂದುವವು. ಇಲ್ಲಿಯ ದೀಪಗಳಿಗೆ 25 ಮತ್ತು 50 ಸರಿ. ಇದಕ್ಕೆಂದೇ ಪಟ್ಟಿಯಲ್ಲಿ 50 ಹರ್ಟ್ಜ್, 60 ಹರ್ಟ್ಜ್ ಎಂಬ ಆಯ್ಕೆಯಿರುತ್ತದೆ. ಹುಡುಗ ಯಾವ ಗೆಳೆಯನದೋ ಮಾತು ಕೇಳಿ ಅದನ್ನು 60ಕ್ಕೆ ತಿರುಗಿಸಿದ್ದ.

ಪಡಸಾಲೆಯಲ್ಲಿ ಕಂಬಳ

ಮುಂದಿನ ಕಂಬಳಕ್ಕೆ ಮೂರು ವಾರಗಳಿದ್ದವು. ಹುಡುಗ ಈ ಸಲ ಪಾಠವನ್ನು ಮನೆಯಲ್ಲಿಯೇ ಆರಂಭಿಸಿದ. ರಾತ್ರಿ ಪಡಸಾಲೆಯ ಹಳೆಯ ಟ್ಯೂಬ್‌ಲೈಟನ್ನು ಹೊತ್ತಿಸಿ, ತಿರುಗುವ ಫ್ಯಾನನ್ನು ಬೇರೆಬೇರೆ ಷಟರಿನ ಕಾಲಗಳಲ್ಲಿ ಚಿತ್ರಿಸಿದ. 1/500ರಲ್ಲಿ ರೆಕ್ಕೆಗಳು ಚಾಕುವಿನಂತೆ ಸ್ಪಷ್ಟ, ಆದರೆ ಗೋಡೆಯ ತುಂಬ ಪಟ್ಟೆ. 1/100ರಲ್ಲಿ ಗೋಡೆ ಶುಭ್ರ, ರೆಕ್ಕೆಯ ಅಂಚು ಮಾತ್ರ ಕೊಂಚ ಮಸುಕು. ಕಂಡದ್ದನ್ನೆಲ್ಲ ತಾಯಿಯ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯದು ಎಂಬುದನ್ನು ಆತನಿಗೆ ಯಾರೂ ಹೇಳಿಕೊಡಲಿಲ್ಲ. ಎರಡು ಸಂಜೆಗಳನ್ನು ಹಾಳುಮಾಡಿಕೊಂಡ ಮೇಲೆ ತಾನಾಗಿ ಹೊಳೆಯಿತು.

ಕೋಣ ಬೇಕಲ್ಲ? ತಂಗಿ ಅಜ್ಜನ ಕಪ್ಪು ಕೊಡೆಯನ್ನು ಬಿಡಿಸಿ ಹಿಡಿದು ಓಣಿಯಲ್ಲಿ ಓಡಿದಳು. ನೆರೆಹೊರೆಯವರು ಏನೆಂದುಕೊಂಡರೋ! ಇದರಿಂದ ಬೆಲೆಯುಳ್ಳ ಒಂದು ವಿಷಯ ಗೊತ್ತಾಯಿತು. ಕೊಡೆ ಹತ್ತಿರ ಬಂದು ಚೌಕಟ್ಟನ್ನೆಲ್ಲ ತುಂಬಿದಾಗ ಅದರ ಕಪ್ಪು ಬೂದುಬಣ್ಣಕ್ಕೆ ತಿರುಗಿತು. ತಾನಾಗಿ ಬೆಳಕನ್ನು ಅಳೆಯುವ ಕ್ಯಾಮರಾ ಯಾವ ನೋಟವನ್ನೂ ನಡುಮಧ್ಯದ ಬೂದು ಎಂದೇ ನಂಬಿ ನಡೆಯುತ್ತದೆ. ಕರಿಯದನ್ನು ಕಂಡರೆ ಕತ್ತಲೆಯೆಂದು ಬಗೆದು ಬೆಳಗಿಸುತ್ತದೆ, ಬಿಳಿಯದನ್ನು ಕಂಡರೆ ಮಂಕುಗೊಳಿಸುತ್ತದೆ. ಕರಿಯ ಕೋಣ ಕರಿಯದಾಗಿಯೇ ಕಾಣಬೇಕಾದರೆ ಪ್ರಕಾಶದ ಅಳತೆಯನ್ನು ಅರ್ಧ ಮೆಟ್ಟಿಲು ಕೆಳಗಿಳಿಸಬೇಕು. ಸೋಫಾದಲ್ಲಿ ಕುಳಿತು ಇದನ್ನೆಲ್ಲ ನೋಡುತ್ತಿದ್ದ ಅಜ್ಜ ಮೊದಲ ಬಾರಿಗೆ ಆಸಕ್ತಿ ತೋರಿದರು. ಕೊಡೆ ತೂಗಾಡಬಾರದು, ಕೋಣದ ಬೆನ್ನು ಓಟದಲ್ಲಿ ಅಷ್ಟು ಕುಣಿಯುವುದಿಲ್ಲ ಎಂದು ಮೊಮ್ಮಗಳಿಗೆ ತಿದ್ದಿದರು.

ಉಳಿದವು ಬೇಗ ತೀರ್ಮಾನವಾದವು. ಅತಿ ವಿಶಾಲವಾದ ನೋಟ ಎದೆಗೆ ಕ್ಯಾಮರಾ ಕಟ್ಟಿಕೊಂಡ ಸೈಕಲ್ ಸವಾರನಿಗೆ ಚೆನ್ನ. ಅಂಚಿನ ಗೆರೆಗಳನ್ನು ಅದು ಬಾಗಿಸುತ್ತದೆ, ದೂರದ್ದನ್ನು ಕಿರಿದಾಗಿಸುತ್ತದೆ. ಆದುದರಿಂದ ಗೆರೆಗಳನ್ನು ನೇರವಾಗಿಡುವ ಲೀನಿಯರ್ ನೋಟ, ಮಂಜೊಟ್ಟಿಗೆ ಹತ್ತಿರದ ನಿಲುವು. ಅಲುಗಾಟ ತಡೆಯುವ ಏರ್ಪಾಡು ಚಿತ್ರದ ಅಂಚನ್ನು ಕತ್ತರಿಸಿಕೊಂಡು ಕೆಲಸ ಮಾಡುತ್ತದೆ. ಕಂಬಕ್ಕೆ ಬಿಗಿದ ಕ್ಯಾಮರಾಕ್ಕೆ ಅದು ಬೇಡ. ಬಣ್ಣದ ಹದವನ್ನೂ ಒಂದೇ ಅಂಕೆಯಲ್ಲಿ ನಿಲ್ಲಿಸಬೇಕು. ಇಲ್ಲವಾದರೆ ಕೆಸರು ಒಮ್ಮೆ ಕೆಂಪಗೆ, ಒಮ್ಮೆ ನೀಲಿಯಾಗಿ ಕಾಣುತ್ತದೆ. ಸೆಕೆಂಡಿಗೆ 100 ಮೆಗಾಬಿಟ್ಟಿನ ದಾಖಲೆಯೆಂದರೆ ಗಂಟೆಗೆ 45 ಗಿಗಾಬೈಟು. 64 ಗಿಗಾಬೈಟಿನ ಕಾರ್ಡು ಒಂದೂವರೆ ಗಂಟೆಯೊಳಗೇ ತುಂಬುತ್ತದೆ. ಹಗಲೂ ರಾತ್ರಿಯೂ ನಡೆಯುವ ಕಂಬಳಕ್ಕೆ ಅದು ಯಾವ ಮೂಲೆಗೆ ಸಾಕು? ತಮ್ಮ ಕೋಣಗಳು ಗಂತಿಗೆ ಬಂದಾಗ ಮಾತ್ರ ಗುಂಡಿ ಒತ್ತುವುದೆಂದು ನಿಶ್ಚಯವಾಯಿತು. ಲೆನ್ಸಿನ ಮೇಲೆ ಹನಿ ನಿಲ್ಲದಿರಲೆಂದು ಅಲೆಸವಾರರು ಅದನ್ನು ನಾಲಗೆಯಿಂದ ನೆಕ್ಕುವುದುಂಟು. ಕಂಬಳದ ಕೆಸರಿನಲ್ಲಿ ಆ ಸಾಹಸವನ್ನು ಯಾರಿಗೂ ಹೇಳಿಕೊಡಲಾಗದು; ಒಂದು ಮೆತ್ತನೆಯ ಬಟ್ಟೆ ಸಾಕು.

ಎರಡನೆಯ ಸಲ ಹುಡುಗ ಕೋಣಗಳು ಮೇಲೇರುವ ದಾರಿಯನ್ನು ಬಿಟ್ಟು, ಪಕ್ಕದ ಬೇಲಿಯ ಕಂಬಕ್ಕೆ ಎದೆಯೆತ್ತರದಲ್ಲಿ ಕ್ಯಾಮರಾವನ್ನು ಓರೆಯಾಗಿ ಬಿಗಿದ. ಸೆಕೆಂಡಿಗೆ 50 ಫ್ರೇಮು, ಷಟರು 1/100, ಐಎಸ್‌ಒ 1600ಕ್ಕಿಂತ ಮೇಲೇರದಂತೆ ಕಟ್ಟು. ಚಿತ್ರದಲ್ಲಿ ಕಾಳುಕಾಳು ಸ್ವಲ್ಪ ಉಳಿಯಿತು. ನೀರಿನ ಹನಿಗಳು ಮಣಿಗಳಾಗದೆ ಗೆರೆಗಳಾದವು. ಅದು ತಿಳಿದೇ ಬಿಟ್ಟುಕೊಟ್ಟದ್ದು.

ಜೊತೆ ಈ ಸಲವೂ ಸೋತಿತ್ತು. ಅಜ್ಜ ಆ ಓಟವನ್ನು ಅದರದೇ ವೇಗದಲ್ಲಿ, ಕೊಂಬು ಕಹಳೆಗಳ ಗೌಜಿಯೊಡನೆ, ನಾಲ್ಕು ಸಲ ನೋಡಿದರು. ಐದನೆಯ ಸಲ ಕೈಯೆತ್ತಿ, “ನಿಲ್ಲಿಸು” ಎಂದರು. ಎಡಗಡೆಯ ಕೋಣ ಮಂಜೊಟ್ಟಿಯ ದೀಪದ ಕಂಬ ಎದುರಾದೊಡನೆ ತಲೆಯನ್ನು ಒಳಕ್ಕೆ ತಿರುಗಿಸಿತ್ತು. ಬಲಗಡೆಯದು ಅದರ ಹೆಗಲಿಗೆ ತಾಗಿ ಹೆಜ್ಜೆ ತಪ್ಪಿತ್ತು. ಎರಡು ಹೆಜ್ಜೆಗಳ ಮಾತು. ಗದ್ದೆಯ ಬದಿಯಲ್ಲಿ ನಿಂತ ನೂರಾರು ಮಂದಿಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಜ್ಜ ಫೋನು ತರಿಸಿ ಕಿರಿಯ ಮಗನಿಗೆ ಹೇಳಿದರು: “ಎಡದ್ದು ಬೆಳಕಿಗೆ ಬೆದರುತ್ತದೆ. ನಾಳೆಯಿಂದ ರಾತ್ರಿ ದೀಪ ಹಾಕಿ ಅದರ ಎದುರು ನಡೆಸು. ಕೊಡುವ ಮಾತು ಆಮೇಲೆ.” ಬಳಿಕ ಮೊಮ್ಮಗನ ಕಡೆ ತಿರುಗಿ, ಮುಂದಿನ ಕಂಬಳ ಯಾವ ಶನಿವಾರವೆಂದು ಕೇಳಿದರು.