ಪರದೇಶದ ಸಂತೆಯಲ್ಲಿ ಸಂಪಗಾಂವ ಸೀಮೆಯ ಪ್ರವಾಸಿ

ಒಂದು ಕಾಲಕ್ಕೆ ತಾಲೂಕಿಗೇ ತನ್ನ ಹೆಸರನ್ನು ಕೊಟ್ಟಿದ್ದ ಸಂಪಗಾಂವ ಇಂದು ಬೈಲಹೊಂಗಲದ ನೆರಳಿನಲ್ಲಿರುವ ಒಂದು ಊರು. ಆ ಸೀಮೆಯ ಹಿರಿಯರ ಪಾಲಿಗೆ ದೂರದ ಪ್ರಯಾಣವೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಪಂಢರಪುರ, ಶ್ರೀಶೈಲ, ಹೆಚ್ಚೆಂದರೆ ಕಾಶಿ. ಸಮುದ್ರ ದಾಟುವುದು ಕಲಿತವರಿಗೂ ಉಳ್ಳವರಿಗೂ ಮೀಸಲಾದ ಸಾಹಸವಾಗಿತ್ತು. ೧೯೩೬ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿ ಬಂದು ‘ಸಮುದ್ರದಾಚೆಯಿಂದ’ ಎಂಬ ಗ್ರಂಥವನ್ನು ಬರೆದರು. ಸ್ವಾತಂತ್ರ್ಯಾನಂತರ ಶಿವರಾಮ ಕಾರಂತರು ಯೂರೋಪನ್ನು ಸುತ್ತಿ ‘ಅಪೂರ್ವ ಪಶ್ಚಿಮ’ವನ್ನು ಕೊಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿ ಅಮೆರಿಕವನ್ನು ಕಂಡು ಬರೆದ ‘ಅಮೆರಿಕಾದಲ್ಲಿ ಗೊರೂರು’ ಗ್ರಂಥಕ್ಕೆ ೧೯೮೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡಿಗರ ಬಹುಪಾಲು ಜನ ಪರದೇಶವನ್ನು ಕಂಡದ್ದು ಇಂಥ ಪುಸ್ತಕಗಳ ಕಣ್ಣಿನಿಂದಲೇ.

ಈಗ ಕಾಲ ಬದಲಾಗಿದೆ. ಹತ್ತಿಯನ್ನೋ ಕಬ್ಬನ್ನೋ ಬೆಳೆದು ಮಕ್ಕಳನ್ನು ಓದಿಸಿದ ಮನೆಗಳಿಂದ ಎಂಜಿನಿಯರುಗಳೂ ದಾದಿಯರೂ ವೈದ್ಯರೂ ಹೊರನಾಡುಗಳಿಗೆ ಹೋಗಿ ನೆಲೆಸಿದ್ದಾರೆ. ಅವರ ಹಿಂದೆಯೇ ತಂದೆತಾಯಂದಿರು ರಜೆಗೆಂದು ಹೊರಡುತ್ತಾರೆ. ಹುಬ್ಬಳ್ಳಿಯ ಕಚೇರಿಗೆ ಹೋಗಿ ಪಾಸ್‌ಪೋರ್ಟು ಮಾಡಿಸಿಕೊಂಡು, ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ವಿಮಾನವೇರುವ ಈ ದಂಪತಿಗಳಿಗೆ ಟಿಕೆಟ್ಟು, ವೀಸಾಗಳ ಸಿದ್ಧತೆಯನ್ನು ಮಕ್ಕಳು ಮಾಡಿಕೊಟ್ಟಿರುತ್ತಾರೆ. ಆದರೆ ಮನಸ್ಸಿನ ಸಿದ್ಧತೆಯನ್ನು ಮಾಡಿಕೊಡುವವರು ಯಾರು? ಪರದೇಶದಲ್ಲಿ ಪ್ರವಾಸಿಯನ್ನು ಬಳಲಿಸುವುದು ದೂರವಲ್ಲ, ಚಳಿಯಲ್ಲ. ಯಾರನ್ನು ನಂಬಬೇಕು, ಯಾವುದಕ್ಕೆ ತಲೆದೂಗಬೇಕು ಎಂದು ತಿಳಿಯದ ಗೊಂದಲ.

ಬುತ್ತಿಯ ಗಂಟು

ತೊಂದರೆಯ ಮೊದಲ ಗಂಟು ಮನೆಯಲ್ಲಿಯೇ ಕಟ್ಟಲ್ಪಡುತ್ತದೆ. ಮಗಳಿಗೆಂದು ಜೋಳದ ಕಟಕ ರೊಟ್ಟಿ, ಶೇಂಗಾದ ಹಿಂಡಿ, ಬೆಳಗಾವಿಯ ಕುಂದಾ, ಗೋಕಾಕದ ಕರದಂಟು, ಬಾಣಂತಿಯಿದ್ದರೆ ಅಂಟಿನ ಉಂಡೆ. ಇವುಗಳನ್ನು ಒಯ್ಯದೆ ಬರಿಗೈಯಲ್ಲಿ ಹೋಗುವುದು ತಾಯಿಯಾದವಳಿಗೆ ಸಾಧ್ಯವೇ? ಆದರೆ ಅಂಟಿನ ಉಂಡೆಗೆ ಗಸಗಸೆಯನ್ನು ಬೆರೆಸುವ ರೂಢಿಯುಂಟು. ಗಸಗಸೆ ಅಫೀಮಿನ ಗಿಡದ ಬೀಜ. ಆ ಕಾರಣದಿಂದ ದುಬೈ ಸೇರಿರುವ ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿಯೂ ಸೌದಿ ಅರೇಬಿಯದಲ್ಲಿಯೂ ಸಿಂಗಪುರದಲ್ಲಿಯೂ ಅದು ನಿಷಿದ್ಧ ವಸ್ತು. ಪಾಯಸಕ್ಕೆಂದು ಒಯ್ದ ಒಂದು ಹಿಡಿ ಗಸಗಸೆ ಪ್ರವಾಸಿಯನ್ನು ಪೋಲೀಸು ಠಾಣೆಗೆ ಕರೆದೊಯ್ಯಬಲ್ಲದು. ಕೆಮ್ಮಿನ, ನೋವಿನ ಕೆಲವು ಔಷಧಗಳಿಗೂ ಆ ಸಂಸ್ಥಾನಗಳಲ್ಲಿ ಮುಂಚಿತವಾದ ಅನುಮತಿ ಬೇಕು. ವೈದ್ಯರ ಚೀಟಿಯಿಲ್ಲದೆ ಮಾತ್ರೆಯ ಪೊಟ್ಟಣವನ್ನು ಒಯ್ಯುವುದು ಅವಿವೇಕ.

ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಚಿಂತೆ ಬೇರೆ ಬಗೆಯದು. ಕೃಷಿಯನ್ನೂ ಪಶುಸಂಪತ್ತನ್ನೂ ನೆಚ್ಚಿದ ಆ ದ್ವೀಪರಾಷ್ಟ್ರಗಳು ಹೊರಗಿನ ಬೀಜ, ಹಾಲು, ಹಣ್ಣುಗಳ ಜೊತೆಗೆ ರೋಗವೂ ಬಂದೀತೆಂದು ಅಂಜುತ್ತವೆ. ದನಗಳಿಗೆ ಕಾಲುಬಾಯಿ ಬೇನೆ ಬಂದಾಗ ಹಟ್ಟಿ ಹಾಳಾಗುವುದನ್ನು ಕಣ್ಣಾರೆ ಕಂಡ ಬೈಲಹೊಂಗಲದ ಒಕ್ಕಲಿಗನಿಗೆ ಈ ಅಂಜಿಕೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಇಳಿಯುವ ಮುನ್ನ ತುಂಬಬೇಕಾದ ಪತ್ರದಲ್ಲಿ ತಿನಿಸು ಇದೆಯೇ ಎಂದು ಕೇಳಿರುತ್ತಾರೆ. ‘ಇದೆ’ ಎಂದು ಬರೆದವನ ಕುಂದಾ ಕಸದ ಡಬ್ಬಿಗೆ ಹೋಗಬಹುದು, ಅಷ್ಟೆ. ‘ಇಲ್ಲ’ ಎಂದು ಬರೆದು ಸಿಕ್ಕಿಬಿದ್ದವನು ದೊಡ್ಡ ದಂಡ ತೆರಬೇಕಾಗುತ್ತದೆ. ಬುತ್ತಿಯನ್ನು ಒಯ್ಯುವುದು ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಎದೆಯ ಮೇಲಿನ ಲಿಂಗ

ಈ ಭಾಗದ ಅನೇಕ ಪ್ರವಾಸಿಗಳಿಗೆ ವಿಮಾನ ನಿಲ್ದಾಣದ ತಪಾಸಣೆ ಒಂದು ಸೂಕ್ಷ್ಮವಾದ ಪ್ರಸಂಗ. ಶಿವದಾರದಲ್ಲಿ ಕಟ್ಟಿ ಎದೆಯ ಮೇಲೆ ಧರಿಸಿದ ಬೆಳ್ಳಿಯ ಗುಂಡಗಡಿಗೆಯೂ ಅದರೊಳಗಿನ ಇಷ್ಟಲಿಂಗವೂ ಭಕ್ತನಿಗೆ ಪ್ರಾಣಸಮಾನ. ಯಂತ್ರಕ್ಕೆ ಮಾತ್ರ ಅದೊಂದು ಲೋಹದ ಡಬ್ಬಿ. ಯಂತ್ರ ಕೂಗಿಕೊಂಡಾಗ ಕಾವಲುಗಾರ ಅದನ್ನು ತೆಗೆದು ತಟ್ಟೆಯಲ್ಲಿಡಲು ಹೇಳುತ್ತಾನೆ. ಮುದುಕರೊಬ್ಬರು ಎರಡೂ ಕೈಗಳಿಂದ ಎದೆಯನ್ನು ಮುಚ್ಚಿಕೊಂಡು ನಿಂತರೆ ಕಾವಲುಗಾರನ ಸಂಶಯ ಹೆಚ್ಚುವುದೇ ಹೊರತು ಕಡಿಮೆಯಾಗದು. ಇಬ್ಬರಲ್ಲಿ ಯಾರದೂ ತಪ್ಪಿಲ್ಲ. ಒಬ್ಬನ ಧರ್ಮ ಇನ್ನೊಬ್ಬನ ಕರ್ತವ್ಯಕ್ಕೆ ಎದುರಾಗಿದೆ.

ಇಂಥ ಸಂದರ್ಭಕ್ಕೆ ದಾರಿಯಿಲ್ಲದೆ ಇಲ್ಲ. ಬ್ರಿಟನ್, ಅಮೆರಿಕ ಮೊದಲಾದ ದೇಶಗಳ ನಿಲ್ದಾಣಗಳಲ್ಲಿ ಪ್ರಯಾಣಿಕನು ತನ್ನನ್ನು ಬೇರೆ ಕೋಣೆಯಲ್ಲಿ ಪರೀಕ್ಷಿಸಬೇಕೆಂದು ಕೇಳಿಕೊಳ್ಳಬಹುದು. ಯಂತ್ರದೊಳಗೆ ಕಾಲಿಡುವ ಮುನ್ನವೇ ‘ಇದು ನನ್ನ ಪೂಜೆಯ ವಸ್ತು, ಪ್ರತ್ಯೇಕವಾಗಿ ನೋಡಿರಿ’ ಎಂಬ ಮಾತನ್ನು ಇಂಗ್ಲೀಷಿನಲ್ಲಿ ಒಂದು ಚೀಟಿಯ ಮೇಲೆ ಬರೆಸಿಕೊಂಡು ತೋರಿಸುವುದು ಲೇಸು. ಮುಂಚೆ ಹೇಳಿದ ಮಾತು ವಿನಂತಿಯಾಗುತ್ತದೆ. ಯಂತ್ರ ಕೂಗಿದ ಮೇಲೆ ಹೇಳಿದ ಅದೇ ಮಾತು ನೆಪವಾಗಿ ಕೇಳಿಸುತ್ತದೆ. ತಾಳಿ, ಬಳೆ, ಕಾಲುಂಗುರಗಳನ್ನು ತೆಗೆಯಲೊಲ್ಲದ ಹೆಣ್ಣುಮಕ್ಕಳಿಗೂ ಇದೇ ಉಪಾಯ ಅನ್ವಯಿಸುತ್ತದೆ.

ಜಾಣ ವ್ಯಾಪಾರಿ ಸೋಲುವುದೇಕೆ?

ಉತ್ತರ ಕರ್ನಾಟಕದ ದನದ ಪೇಟೆಗಳಲ್ಲಿ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಎತ್ತಿನ ಬೆಲೆ ಕಟ್ಟುವ ವ್ಯಾಪಾರವನ್ನು ಕಂಡವರು ಈ ಜನರನ್ನು ದಡ್ಡರೆನ್ನಲಾರರು. ಎಲ್ಲಮ್ಮನ ಗುಡ್ಡದ ಹುಣ್ಣಿಮೆಯ ಜಾತ್ರೆಯಲ್ಲಿ ಕಾಯಿ, ಕುಂಕುಮ, ಭಂಡಾರ ಮಾರುವವರ ಕೂಗಾಟದ ನಡುವೆ ತಮಗೆ ಬೇಕಾದುದನ್ನಷ್ಟೇ ಕೊಂಡು ಬರುವ ಗೃಹಿಣಿಯರು ಇವರು. ಆದರೂ ಇದೇ ಜನ ಪರದೇಶದ ಬೀದಿಯಲ್ಲಿ ಮೋಸಹೋಗುತ್ತಾರೆ. ಕಾರಣವೇನು?

ಮೋಸದ ಬಗೆಗಳನ್ನು ನೋಡಿದರೆ ಉತ್ತರ ದೊರೆಯುತ್ತದೆ. ಬ್ಯಾಂಕಾಕಿನಲ್ಲಿ ಅರಮನೆಯ ಸಮೀಪ ಸಭ್ಯವೇಷದ ಒಬ್ಬಾತ ಎದುರಾಗಿ, ‘ಇಂದು ಅರಮನೆ ಮುಚ್ಚಿದೆ, ಬೇರೆ ದೇವಾಲಯ ತೋರಿಸಲು ಹೇಳುತ್ತೇನೆ’ ಎಂದು ಅತ್ಯಲ್ಪ ಬಾಡಿಗೆಗೆ ಟುಕ್‌ಟುಕ್ ಗಾಡಿಯನ್ನು ಹತ್ತಿಸುತ್ತಾನೆ. ಗಾಡಿ ಕೊನೆಗೆ ನಿಲ್ಲುವುದು ರತ್ನದ ಅಂಗಡಿಯ ಮುಂದೆ. ಅಲ್ಲಿ ಕಾಸಿನ ಕಲ್ಲಿಗೆ ಕನಕದ ಬೆಲೆ. ಅರಮನೆಯಾದರೋ ಸಾಮಾನ್ಯವಾಗಿ ಅಂದು ತೆರೆದೇ ಇರುತ್ತದೆ. ಈಜಿಪ್ಟಿನ ಗೀಜಾದಲ್ಲಿ ಒಂಟೆಯನ್ನು ಹತ್ತಲು ಸ್ವಲ್ಪವೇ ಹಣ. ಇಳಿಯಲು ಬೇರೆಯ ದರ. ಅಷ್ಟು ಎತ್ತರದಲ್ಲಿ ಕುಳಿತವನು ಚೌಕಾಸಿ ಮಾಡುವುದುಂಟೇ? ಪ್ಯಾರಿಸಿನ ಮೋಂಮಾರ್ತ್ರ ಗುಡ್ಡದ ಮೆಟ್ಟಿಲುಗಳಲ್ಲಿ ಕೆಲವರು ಸ್ನೇಹದಿಂದ ಕೈಹಿಡಿದು ಬಣ್ಣದ ದಾರವನ್ನು ಕಟ್ಟಿಬಿಡುತ್ತಾರೆ. ಗಂಟು ಬಿದ್ದ ಮೇಲೆ ಹಣ ಕೇಳುತ್ತಾರೆ. ಇಸ್ತಾಂಬುಲಿನಲ್ಲಿ ಬೂಟುಪಾಲೀಶಿನವನು ನಡೆಯುತ್ತ ಬ್ರಶ್ಶನ್ನು ಬೀಳಿಸುತ್ತಾನೆ. ಕನಿಕರದಿಂದ ಎತ್ತಿಕೊಟ್ಟವನ ಬೂಟನ್ನು ಕೃತಜ್ಞತೆಯೆಂಬಂತೆ ಒರೆಸಿ, ಅನಂತರ ಕೂಲಿ ಕೇಳುತ್ತಾನೆ.

ಈ ನಾಲ್ಕರಲ್ಲಿಯೂ ಪ್ರವಾಸಿಯ ಲೋಭವನ್ನು ಹಿಡಿದು ಆಡಿಸಿದ್ದು ಹೆಚ್ಚೆಂದರೆ ಒಂದರಲ್ಲಿ. ಉಳಿದವುಗಳಲ್ಲಿ ಬಲೆಯಾದದ್ದು ಅವನ ಸೌಜನ್ಯ. ಹಿರಿಯನ ಮಾತನ್ನು ಅಲ್ಲಗಳೆಯಬಾರದು, ನೀಡಿದ ಕೈಯನ್ನು ಕೊಡಹಬಾರದು, ಬಿದ್ದುದನ್ನು ಎತ್ತಿಕೊಡಬೇಕು ಎಂದು ಬಾಲ್ಯದಿಂದ ಕಲಿತವನು ಅದೇ ಗುಣದಿಂದ ಸಿಕ್ಕಿಬೀಳುತ್ತಾನೆ. ಊರಿನ ಪೇಟೆಯಲ್ಲಿ ಅವನಿಗೆ ವಸ್ತುವಿನ ಬೆಲೆ ಗೊತ್ತು, ಮಾರುವವನ ಮನೆತನ ಗೊತ್ತು. ಬೇಡವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯವಿದೆ. ಪರದೇಶದಲ್ಲಿ ಇವು ಮೂರೂ ಇಲ್ಲ. ಮೇಲಾಗಿ ನಾಲ್ಕು ಜನರ ಮುಂದೆ ಜಗಳವಾದೀತೆಂಬ ನಾಚಿಕೆ.

ಆದುದರಿಂದ ಕಳೆದುಹೋದ ಸ್ವಾತಂತ್ರ್ಯವನ್ನು ಮರಳಿ ಪಡೆಯುವುದೇ ಉಪಾಯ. ಗಾಡಿಯನ್ನಾಗಲಿ ಒಂಟೆಯನ್ನಾಗಲಿ ಹತ್ತುವ ಮೊದಲೇ, ಹೋಗಿ ಬಂದು ಇಳಿಯುವವರೆಗಿನ ಒಟ್ಟು ಹಣವನ್ನು ಮಾತಾಡಿಕೊಳ್ಳಬೇಕು. ಯಾವ ದೇಶದ ನಾಣ್ಯವೆಂಬುದನ್ನೂ ಸ್ಪಷ್ಟಪಡಿಸಿಕೊಳ್ಳಬೇಕು. ‘ಮುಚ್ಚಿದೆ’ ಎಂಬ ಮಾತನ್ನು ಬಾಗಿಲಿನವರೆಗೆ ನಡೆದುಹೋಗಿ ಪರೀಕ್ಷಿಸಬೇಕು. ತಾನಾಗಿ ಬಂದು ಮೈಮೇಲೆ ಬೀಳುವ ಉಪಕಾರಕ್ಕೆ ನಿಲ್ಲದೆ, ನಗುತ್ತಲೇ ‘ಬೇಡ’ ಎಂದು ನಡೆದುಬಿಡಬೇಕು. ಕೋಪ ಅನಾವಶ್ಯಕ, ನಿಲ್ಲುವುದು ಅಪಾಯಕರ. ಅಂಗಡಿಯಲ್ಲಿ ಬ್ಯಾಂಕಿನ ಕಾರ್ಡನ್ನು ಕೊಟ್ಟಾಗ ‘ರೂಪಾಯಿಯಲ್ಲಿ ತೆಗೆದುಕೊಳ್ಳಲೇ?’ ಎಂದು ಯಂತ್ರ ಕೇಳಿದರೆ ಆ ದೇಶದ ನಾಣ್ಯದಲ್ಲಿಯೇ ಕೊಡುವುದು ಸಾಮಾನ್ಯವಾಗಿ ಲಾಭಕರ. ರೂಪಾಯಿಯ ಸೌಕರ್ಯದಲ್ಲಿ ಅವರ ಕಮಿಶನ್ನು ಅಡಗಿರುತ್ತದೆ.

ಅವರ ರೀತಿ, ನಮ್ಮ ರೀತಿ

ಎಲ್ಲ ಕಿರಿಕಿರಿಯೂ ಮೋಸವಲ್ಲ. ಅಮೆರಿಕದ ಹೋಟೆಲಿನಲ್ಲಿ ಊಟದ ಬಿಲ್ಲಿನ ಮೇಲೆ ನೂರಕ್ಕೆ ೧೫ರಿಂದ ೨೦ರಷ್ಟು ಭಕ್ಷೀಸನ್ನು ನಿರೀಕ್ಷಿಸಿದಾಗ ನಮ್ಮವರಿಗೆ ಅದು ಸುಲಿಗೆಯಾಗಿ ಕಾಣುತ್ತದೆ. ಆದರೆ ಅಲ್ಲಿ ಭಕ್ಷೀಸು ಪಡೆಯುವ ನೌಕರನಿಗೆ ಕೇಂದ್ರ ಕಾನೂನಿನಂತೆ ಮಾಲೀಕನು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ ೨ ಡಾಲರ್ ೧೩ ಸೆಂಟು ಮಾತ್ರ. ೧೯೯೧ರಿಂದ ಅದು ಏರಿಲ್ಲ. ಕೆಲವು ರಾಜ್ಯಗಳು ಹೆಚ್ಚು ಕೊಡಿಸುತ್ತವೆ, ನಿಜ. ಉಳಿದೆಡೆಗಳಲ್ಲಿ ಗಿರಾಕಿ ಕೊಡುವುದೇ ಅವನ ಸಂಬಳ. ಜಪಾನಿನಲ್ಲಿಯೋ ಇದಕ್ಕೆ ತೀರ ವಿರುದ್ಧ. ಅಲ್ಲಿ ಮೇಜಿನ ಮೇಲೆ ಹಣ ಬಿಟ್ಟುಬಂದರೆ, ಮರೆತುಹೋದಿರೆಂದು ಹಿಂದೆಯೇ ಓಡಿಬಂದು ಕೊಟ್ಟಾರು!

ಅದೇ ಜಪಾನಿನಲ್ಲಿ ಊಟದ ಕಡ್ಡಿಗಳನ್ನು ಅನ್ನದ ಬಟ್ಟಲಿನಲ್ಲಿ ನೆಟ್ಟಗೆ ನಿಲ್ಲಿಸಬಾರದು. ಸತ್ತವರಿಗೆ ಎಡೆಯಿಡುವ ಕ್ರಮ ಅದು. ಪಿಂಡದ ಅನ್ನವನ್ನು ಬಲ್ಲ ನಮ್ಮವರಿಗೆ ಈ ಸೂಕ್ಷ್ಮ ತಟ್ಟನೆ ತಿಳಿಯಬೇಕು. ಥಾಯ್ ಜನಕ್ಕೆ ತಲೆ ಪವಿತ್ರ, ಪಾದ ಕೀಳು. ಬುದ್ಧನ ಮೂರ್ತಿಯತ್ತ ಕಾಲು ಚಾಚುವುದು ಅಪಚಾರ. ಕಾಲು ತಗಲಿದರೆ ಮುಟ್ಟಿ ನಮಸ್ಕರಿಸುವ ಕನ್ನಡಿಗನಿಗೆ ಇದು ಹೊಸ ಪಾಠವೇನೂ ಅಲ್ಲ. ಆದರೆ ಅಲ್ಲಿಯ ರಾಜನನ್ನು ಹಗುರವಾಗಿ ಆಡಿಕೊಳ್ಳುವುದು ೩ರಿಂದ ೧೫ ವರ್ಷ ಸೆರೆವಾಸದ ಅಪರಾಧವೆಂಬುದನ್ನು ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಟೀಕಿಸಿ ರೂಢಿಯಾದವರು ಮರೆಯಬಾರದು.

ಇಥಿಯೋಪಿಯದ ಊಟವಂತೂ ನಮ್ಮ ನಡೆಗೆ ಹತ್ತಿರವೂ ಹೌದು, ದೂರವೂ ಹೌದು. ಟೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಹುಳಿಯಿಸಿ ಹೊಯ್ದ ಇಂಜೆರಾ ಎಂಬ ದೊಡ್ಡ ದೋಸೆಯನ್ನು ಹರಿದು, ಪಲ್ಯದೊಡನೆ ಬಲಗೈಯಿಂದ ತಿನ್ನುತ್ತಾರೆ. ಆದರೆ ತಟ್ಟೆ ಒಂದೇ; ಸುತ್ತ ಕುಳಿತವರೆಲ್ಲರ ಕೈ ಅದರಲ್ಲಿ. ಪ್ರೀತಿಪಾತ್ರರ ಬಾಯಿಗೆ ತಾವೇ ತುತ್ತಿಡುವುದು ಅಲ್ಲಿ ಆದರದ ಲಕ್ಷಣ. ಎಂಜಲೆಂದು ಹಿಂಜರಿದರೆ ಅವರಿಗೆ ನೋವು. ಒಪ್ಪಿದರೆ ಇವರಿಗೆ ಕಸಿವಿಸಿ. ಊಟಕ್ಕೆ ಕೂರುವ ಮೊದಲೇ ಬೇರೆ ತಟ್ಟೆಯನ್ನು ಕೇಳಿಕೊಂಡರೆ ಎರಡೂ ತಪ್ಪುತ್ತವೆ.

ಶಾಕಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ ಅವಶ್ಯ. ‘ಮಾಂಸ ಬೇಡ’ ಎಂದರೆ ಸಾಲದು. ಥಾಯ್ ಅಡಿಗೆಯಲ್ಲಿ ಮೀನಿನ ರಸ, ಜಪಾನೀ ಸಾರಿನಲ್ಲಿ ಒಣಮೀನಿನ ಕಷಾಯ ಕಣ್ಣಿಗೆ ಕಾಣದಂತೆ ಬೆರೆತಿರುತ್ತವೆ. ಥಾಯ್ಲೆಂಡಿನಲ್ಲಿ ‘ಜೇ’ ಎಂಬ ಒಂದು ಶಬ್ದವನ್ನು ಕಲಿತರೆ ಸಾಕು. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ಅದನ್ನು ಬರೆದಿರುವ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆಗಳಷ್ಟೇ ಅಲ್ಲ, ಬೆಳ್ಳುಳ್ಳಿ ಸಹ ಇರುವುದಿಲ್ಲ.

ಇನ್ನು ತಲೆಯಾಡಿಸುವ ವಿಷಯ. ಕನ್ನಡಿಗನು ‘ಆಗಲಿ’ ಎನ್ನಲು ತಲೆಯನ್ನು ಪಕ್ಕಕ್ಕೆ ಓಲಿಸುತ್ತಾನೆ. ಪಾಶ್ಚಾತ್ಯನಿಗೆ ಅದು ‘ಬೇಡ’ ಎಂದು ತೋರಿ ತಂದ ಕಾಫಿಯನ್ನು ಮರಳಿ ಒಯ್ಯಬಹುದು. ಬಲ್ಗೇರಿಯದಲ್ಲಿ ತಲೆಯನ್ನು ಅತ್ತಿತ್ತ ಆಡಿಸಿದರೆ ‘ಹೌದು’, ಮೇಲೆ ಕೆಳಗೆ ಆಡಿಸಿದರೆ ‘ಇಲ್ಲ’. ಪರದೇಶದಲ್ಲಿ ತಲೆಗೆ ವಿಶ್ರಾಂತಿ ಕೊಟ್ಟು ಬಾಯಿಂದ ಹೇಳುವುದೇ ಕ್ಷೇಮ. ಅಂತೆಯೇ, ಪರಿಚಯವಾದ ಕ್ಷಣದಲ್ಲಿಯೇ ಸಂಬಳವೆಷ್ಟು, ಮಕ್ಕಳೆಷ್ಟು, ಏಕಿಲ್ಲ ಎಂದು ವಿಚಾರಿಸುವುದು ನಮ್ಮಲ್ಲಿ ಆತ್ಮೀಯತೆ. ಮಗನ ನೆರೆಮನೆಯ ಪಾಶ್ಚಾತ್ಯನಿಗೆ ಅದು ಅತಿಕ್ರಮ.

ಹೇಳಿಕೊಳ್ಳದ ನೋವು

ಮೋಸಹೋದ ಹಿರಿಯರು ಅನೇಕ ವೇಳೆ ಅದನ್ನು ಮಕ್ಕಳಿಗೂ ತಿಳಿಸುವುದಿಲ್ಲ. ಕಳೆದುಕೊಂಡ ಹಣಕ್ಕಿಂತ ‘ಅಪ್ಪನಿಗೆ ಏನೂ ತಿಳಿಯದು’ ಎಂಬ ಮಾತು ಅವರನ್ನು ಹೆಚ್ಚು ಚುಚ್ಚುತ್ತದೆ. ಊರಿನಲ್ಲಿ ಹತ್ತು ಜನಕ್ಕೆ ಬುದ್ಧಿ ಹೇಳುತ್ತಿದ್ದವನು ಮರುದಿನದಿಂದ ಮಗನ ಮನೆಯ ಕಿಟಕಿಯ ಬಳಿ ಕುಳಿತು, ಹೊರಗೆ ಬರಲೊಲ್ಲೆನೆನ್ನುತ್ತಾನೆ. ವಿದೇಶದ ರಜೆ ಹಾಳಾಗುವುದು ಹೀಗೆ, ಸದ್ದಿಲ್ಲದೆ. ಮಕ್ಕಳು ಹಿರಿಯರ ಬೆಪ್ಪುತನವನ್ನು ಊಟದ ಹೊತ್ತಿಗೆ ಹಾಸ್ಯದ ವಸ್ತುವಾಗಿಸಬಾರದು. ಬಲೆ ಬೀಸುವುದೇ ಕಸುಬಾದವರ ಮುಂದೆ ಪಂಡಿತರೂ ಸೋಲುತ್ತಾರೆ.

ಹೇಳಿಕೊಂಡರೆ ಪರಿಹಾರವೂ ಉಂಟು. ಪಾಸ್‌ಪೋರ್ಟು ಕಳೆದರೆ ಅಲ್ಲಿಯ ಪೋಲೀಸರಲ್ಲಿ ದೂರು ಬರೆಸಿ, ಅದರ ಪ್ರತಿಯೊಡನೆ ಭಾರತೀಯ ರಾಯಭಾರ ಕಚೇರಿಗೆ ಹೋಗಬೇಕು. ಅವರು ಹೊಸ ಪಾಸ್‌ಪೋರ್ಟನ್ನಾಗಲಿ, ತುರ್ತಾಗಿ ತಾಯ್ನಾಡಿಗೆ ಮರಳಲು ಸಾಕಾಗುವ ಪ್ರಮಾಣಪತ್ರವನ್ನಾಗಲಿ ಕೊಡುತ್ತಾರೆ. ಪಾಸ್‌ಪೋರ್ಟಿನ ನಕಲನ್ನು ಬೇರೆ ಚೀಲದಲ್ಲಿ ಇಟ್ಟಿದ್ದವರಿಗೆ ಈ ಕಾರ್ಯ ಸುಲಭ. ಮಗನ ಮನೆಯ ವಿಳಾಸವನ್ನು ಕಾಗದದ ಮೇಲೆ ಬರೆದು ಜೇಬಿನಲ್ಲಿಟ್ಟುಕೊಳ್ಳಬೇಕು. ದೂರವಾಣಿಯ ಬ್ಯಾಟರಿ ಮುಗಿದಾಗ ಕಾಗದವೇ ಗೆಳೆಯ.

ಆದರೆ ಎಚ್ಚರಿಕೆ ಅತಿಯಾದರೆ ಅದೂ ನಷ್ಟವೇ. ಎದುರು ಬಂದವರನ್ನೆಲ್ಲ ಕಳ್ಳರೆಂದು ಬಗೆದವನು ಹಣವನ್ನು ಉಳಿಸಿಕೊಂಡು ಬರಬಹುದು. ದೇಶವನ್ನು ಕಂಡು ಬರಲಾರ. ಇಲ್ಲಿ ಒಂದು ಸುಲಭವಾದ ಅಳತೆಗೋಲುಂಟು: ಪ್ರವಾಸಿಗರು ಮುತ್ತುವ ತಾಣದಲ್ಲಿ ತಾನಾಗಿಯೇ ಬಂದು ಮಾತನಾಡಿಸಿದವನ ವಿಷಯದಲ್ಲಿ ಜಾಗರೂಕತೆಯಿರಲಿ, ನಾವಾಗಿಯೇ ಹೋಗಿ ದಾರಿ ಕೇಳಿದವನನ್ನು ನಂಬಲು ಅಡ್ಡಿಯಿಲ್ಲ. ಮೊದಲನೆಯವನು ನಮ್ಮನ್ನು ಆರಿಸಿಕೊಂಡಿದ್ದಾನೆ. ಎರಡನೆಯವನನ್ನು ನಾವು ಆರಿಸಿದ್ದೇವೆ. ಮಕ್ಕಳನ್ನು ಕರೆದುಕೊಂಡ ತಾಯಿ, ಅಂಗಡಿಯಲ್ಲಿ ಕುಳಿತ ಮುದುಕ, ಬಸ್ಸಿಗೆ ಕಾದಿರುವ ವಿದ್ಯಾರ್ಥಿ—ಇಂಥವರು ಎಲ್ಲ ದೇಶಗಳಲ್ಲಿಯೂ ದಾರಿ ತೋರಿಸುತ್ತಾರೆ. ಕೆಲವೊಮ್ಮೆ ಕೈಹಿಡಿದು ಮನೆಯ ಬಾಗಿಲಿನವರೆಗೂ ಬಿಟ್ಟು ಹೋಗುತ್ತಾರೆ.

ಕಿತ್ತೂರಿನ ಕೋಟೆಯನ್ನೋ ಸೊಗಲದ ಜಲಪಾತವನ್ನೋ ನೋಡಬಂದ ಪರಸ್ಥಳದವರಿಗೆ ಈ ಸೀಮೆಯ ಜನ ಮಾಡುವುದೂ ಅದನ್ನೇ ಅಲ್ಲವೇ? ನೀರು ಕೊಡುತ್ತಾರೆ, ದಾರಿ ಹೇಳುತ್ತಾರೆ, ಊಟದ ವೇಳೆಯಾಗಿದ್ದರೆ ರೊಟ್ಟಿಗೂ ಕರೆಯುತ್ತಾರೆ. ಅಂಥ ಮನೆಗಳು ಗೀಜಾದಲ್ಲಿಯೂ ಇವೆ, ಬ್ಯಾಂಕಾಕಿನಲ್ಲಿಯೂ ಇವೆ. ಅವು ಒಂಟೆಯವನ ಮತ್ತು ರತ್ನದಂಗಡಿಯವನ ಬೀದಿಯಿಂದ ಎರಡು ಓಣಿ ಆಚೆಗಿರುತ್ತವೆ. ಪ್ರವಾಸಿ ಅಲ್ಲಿಯವರೆಗೆ ನಡೆಯುವ ಮನಸ್ಸು ಮಾಡಬೇಕು.