ಶರ್ಯತ್ತು ಮೆಲ್ಬರ್ನ್‌ನಾಗ, ಲೆಕ್ಕಾಚಾರ ಮೂಡಲಗಿಯಾಗ

ಬರೋ ಭಾನುವಾರ, ಮಾರ್ಚ್ 8, ಮುಂಜಾನೆ 9.30. ಮೂಡಲಗಿ ಕಡೆ ಅದು ಎರಡನೇ ಚಹಾದ ಹೊತ್ತು. ಮೆಲ್ಬರ್ನ್‌ನಲ್ಲಿ ಮಧ್ಯಾಹ್ನ ಮೂರು ಗಂಟೆ. ಅಲ್ಲಿ ಆಲ್ಬರ್ಟ್ ಪಾರ್ಕ್ ಕೆರೆಯ ಸುತ್ತಲಿನ ರಸ್ತೆಯಲ್ಲಿ 22 ಫಾರ್ಮುಲಾ ಒನ್ ಕಾರುಗಳು ಸಾಲಾಗಿ ನಿಲ್ಲುತ್ತವೆ. ಐದು ಕೆಂಪು ದೀಪ ಹತ್ತಿ ಆರಿದರೆ 2026ರ ಸೀಸನ್ ಶುರು. ಒಟ್ಟು 58 ಸುತ್ತು. ನಾನಂತೂ ಆ ಎರಡು ತಾಸು ಯಾರ ಫೋನೂ ಎತ್ತುವುದಿಲ್ಲ.

ಈ ಹುಚ್ಚು ಹಿಡಿದದ್ದು 2011ರಲ್ಲಿ, ಬುದ್ಧ ಸರ್ಕಿಟ್‌ನಲ್ಲಿ ಮೊದಲ ಇಂಡಿಯನ್ ಗ್ರ್ಯಾಂಡ್ ಪ್ರಿ ನಡೆದಾಗ. ಟಿವಿ ಮುಂದೆ ಕೂತ ನನ್ನನ್ನು ನೋಡಿ ಕಾಕಾ ಕೇಳಿದ್ದರು: "ಸುತ್ತಿದಲ್ಲೇ ಸುತ್ತತಾವಲ್ಲೋ, ಇದರಾಗ ಏನ ನೋಡ್ತಿ?" ಕಾಕಾ ಎತ್ತಿನ ಗಾಡಿ ಶರ್ಯತ್ತಿನ ಮನುಷ್ಯ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಿಗೆ ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಜಾತ್ರೆ ಯಾವ ಊರಿಂದೇ ಇರಲಿ, ಇವರು ಗುಡಿಗೆ ಹೋಗುವ ಮೊದಲು ಎತ್ತು ನೋಡಲು ಹೋಗುತ್ತಾರೆ.

ಈ ವರ್ಷ ನಿಯಮ ಎಲ್ಲಾ ಬದಲಾಗಿದೆ ಅಂತ ಹೋದ ವಾರ ಫೋನಿನಲ್ಲಿ ವಿವರಿಸಿದೆ. ಕಾರು 30 ಕೆಜಿ ಹಗುರ, ಅಗಲ 10 ಸೆಂಟಿಮೀಟರ್ ಕಡಿಮೆ. ಮೊದಲು ವಿದ್ಯುತ್ ಮೋಟಾರು 120 ಕಿಲೋವ್ಯಾಟ್ ಶಕ್ತಿ ಕೊಡುತ್ತಿತ್ತು, ಈಗ 350. ಎಂಜಿನ್ನಿನ ಪಾಲು ಸುಮಾರು 400ಕ್ಕೆ ಇಳಿದಿದೆ. ಹೆಚ್ಚುಕಡಿಮೆ ಅರ್ಧ ಇಂಧನ, ಅರ್ಧ ಬ್ಯಾಟರಿ. ಕಾಕಾ ಕೇಳಿ, "ಹಂಗಾರ ಎತ್ತನ ಬದಲಿ ಮಾಡ್ಯಾರ ಅನ್ನು" ಅಂದರು. ಇಷ್ಟು ಚಿಕ್ಕದಾಗಿ ಯಾವ ಕಾಮೆಂಟೇಟರನೂ ಹೇಳಿದ್ದು ನಾನು ಕೇಳಿಲ್ಲ.

ಎತ್ತು ಬದಲಾದ ವರ್ಷ ಏನಾಗುತ್ತದೆ ಅನ್ನೋದಕ್ಕೆ ಹಳೇ ಲೆಕ್ಕ ಇದೆ. 2009ರಲ್ಲಿ ನಿಯಮ ಬದಲಾದಾಗ, ಮುಚ್ಚಿಹೋಗಬೇಕಿದ್ದ ತಂಡವೊಂದು ಬ್ರಾನ್ ಜಿಪಿ ಅಂತ ಹೊಸ ಹೆಸರಲ್ಲಿ ಬಂದು ಇದೇ ಮೆಲ್ಬರ್ನ್‌ನಲ್ಲಿ ಮೊದಲೆರಡೂ ಸ್ಥಾನ ಹೊಡೆಯಿತು. ಜೆನ್ಸನ್ ಬಟನ್ ಆ ವರ್ಷದ ಚಾಂಪಿಯನ್. 2014ರಲ್ಲಿ ಹೈಬ್ರಿಡ್ ಎಂಜಿನ್ ಬಂದಾಗ ಮರ್ಸಿಡೀಸ್ 19ರಲ್ಲಿ 16 ರೇಸ್ ಗೆದ್ದಿತು. ಯಾರು ಮೊದಲು ಗುಟ್ಟು ಹಿಡಿದರೋ ಅವರು ವರ್ಷಗಟ್ಟಲೆ ಉಣ್ಣುತ್ತಾರೆ. ಅದಕ್ಕೇ ಈ ಭಾನುವಾರದ ರೇಸು ಬರೀ 25 ಪಾಯಿಂಟಿನದಲ್ಲ.

ನನ್ನ ಲೆಕ್ಕ ಇದು: ಜಾರ್ಜ್ ರಸೆಲ್ ಗೆಲ್ಲುತ್ತಾನೆ. ಈ ಸಲ ಮರ್ಸಿಡೀಸ್ ಎಂಜಿನ್ ನಾಲ್ಕು ತಂಡಗಳ ಎಂಟು ಕಾರಿನಲ್ಲಿದೆ. ಅಷ್ಟು ಕಾರಿನಿಂದ ಬರುವ ಮಾಹಿತಿಯೇ ಒಂದು ಆಸ್ತಿ. ಎರಡನೇದು ಫೆರಾರಿಯ ಲೆಕ್ಲರ್ಕ್, ಮೂರನೇದು ಹಾಲಿ ಚಾಂಪಿಯನ್ ನಾರಿಸ್. ಇನ್ನೊಂದು ಮಾತು. ಆಲ್ಬರ್ಟ್ ಪಾರ್ಕ್‌ನಲ್ಲಿ ಜೋರಾಗಿ ಬ್ರೇಕ್ ಒತ್ತುವ ಜಾಗ ಕಡಿಮೆ, ಬ್ಯಾಟರಿ ತುಂಬುವುದೇ ಬ್ರೇಕಿನಿಂದ. ಹಾಗಾಗಿ ನೇರ ರಸ್ತೆಯ ಕೊನೆಯಲ್ಲಿ ಕಾರುಗಳು ದಮ್ಮು ಕಳಕೊಂಡು ನಿಧಾನವಾಗುವುದನ್ನು ನೋಡುತ್ತೀರಿ. ಡಿಆರ್‌ಎಸ್ ಈಗಿಲ್ಲ. ಮುಂದಿನವನಿಗಿಂತ ಒಂದು ಸೆಕೆಂಡಿನೊಳಗೆ ಇದ್ದರೆ ಹೆಚ್ಚಿನ ವಿದ್ಯುತ್ ಸಿಗುತ್ತದೆ. ಅದನ್ನು ಎಲ್ಲಿ ಉಳಿಸಿ ಎಲ್ಲಿ ಖರ್ಚು ಮಾಡಬೇಕು ಅನ್ನೋದರಲ್ಲೇ ರೇಸು ಇದೆ. ಸಂಬಳದ ಕೊನೇ ವಾರ ಗೊತ್ತಿರುವ ನಮಗೆ ಇದು ಅರ್ಥವಾಗದ್ದೇನಲ್ಲ.

ಇದು ತಲೆಯ ಲೆಕ್ಕ. ಮನಸ್ಸು ಮಾತ್ರ ಆಸ್ಕರ್ ಪಿಯಾಸ್ಟ್ರಿ ಕಡೆ. ಅವನು ಮೆಲ್ಬರ್ನ್‌ನ ಹುಡುಗ. ಆಸ್ಟ್ರೇಲಿಯಾದ ರೇಸು 1985ರಲ್ಲಿ ಚಾಂಪಿಯನ್‌ಶಿಪ್ಪಿಗೆ ಸೇರಿದ ಮೇಲೆ ಆ ದೇಶದ ಒಬ್ಬನೂ ಅಲ್ಲಿ ಗೆದ್ದಿಲ್ಲ. 2014ರಲ್ಲಿ ರಿಕಿಯಾರ್ಡೊ ಎರಡನೆಯವನಾಗಿ ಬಂದು ಪೋಡಿಯಂ ಏರಿದ, ಇಂಧನದ ಹರಿವಿನ ತಕರಾರಿನಲ್ಲಿ ಆಮೇಲೆ ಅದೂ ಹೋಯಿತು. ಹೋದ ವರ್ಷ ಮಳೆಯಲ್ಲಿ ಪಿಯಾಸ್ಟ್ರಿ ಎರಡನೇ ಸ್ಥಾನದಲ್ಲಿದ್ದ. ಕಾರು ಜಾರಿ ಹುಲ್ಲಿಗೆ ಇಳಿಯಿತು, ಒಂಬತ್ತನೆಯವನಾಗಿ ಮುಗಿಸಿದ. ಊರವರ ಮುಂದೆ ಸೋಲುವುದರ ಸಂಕಟ ಶರ್ಯತ್ತಿನ ಎತ್ತು ಸಾಕಿದವರಿಗೆ ಗೊತ್ತು. ಹ್ಯಾಮಿಲ್ಟನ್‌ಗೂ ಒಂದು ಹರಕೆ ಇದೆ. 105 ರೇಸ್ ಗೆದ್ದವನು 2025ರಲ್ಲಿ ಒಂದೂ ಭಾನುವಾರ ಪೋಡಿಯಂ ಹತ್ತಲಿಲ್ಲ. ಅವನನ್ನು ಮತ್ತೆ ಹಾಗೆ ನೋಡಲಾರೆ.

ನನಗೆ ಎಲ್ಲಕ್ಕಿಂತ ಕುತೂಹಲ ಇರುವುದು ಟ್ಯಾಂಕಿನೊಳಗಿನದರ ಬಗ್ಗೆ. ಈ ವರ್ಷದಿಂದ ಎಫ್1 ಕಾರುಗಳಿಗೆ ನೆಲದಿಂದ ತೆಗೆದ ಪೆಟ್ರೋಲ್ ಇಲ್ಲ, ಸುಸ್ಥಿರ ಇಂಧನವೇ ಬೇಕು. ಅದನ್ನು ಊಟದ ಬೆಳೆಯಿಂದ ಮಾಡುವಂತಿಲ್ಲ. ಕಸ, ಕೃಷಿ ತ್ಯಾಜ್ಯ, ಗಾಳಿಯಿಂದ ಹಿಡಿದ ಇಂಗಾಲ ನಡೆಯುತ್ತದೆ. ಅಂದರೆ ಕಬ್ಬಿನ ಹಾಲು ನಡೆಯದು, ಹಿಂಡಿ ಬಿಟ್ಟ ಸಿಪ್ಪೆ ನಡೆದೀತು. ನಾವು ಕಟಾವು ಮುಗಿಸಿ ಹೊಲದಲ್ಲೇ ಬೆಂಕಿ ಹಚ್ಚುವ ರವದಿಯೂ ನಡೆದೀತು! ಬ್ರೆಜಿಲ್‌ನಲ್ಲಿ ಸಿಪ್ಪೆಯಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳು ಈಗಾಗಲೇ ನಡೆಯುತ್ತಿವೆ.

ಇದನ್ನು ಹೇಳಿದಾಗ ಕಾಕಾ ನಗಲಿಲ್ಲ. ಹೋದ ನವೆಂಬರಿನಲ್ಲಿ ಅವರು ಗುರ್ಲಾಪುರ ಕ್ರಾಸಿನಲ್ಲಿ ಕೂತವರು. ಟನ್ನಿಗೆ 3,500 ರೂಪಾಯಿ ಕೇಳಿ ಸಾವಿರಾರು ರೈತರು ರಸ್ತೆಯಲ್ಲೇ ಅಡಿಗೆ ಮಾಡಿ ಉಂಡರು. ಕೊನೆಗೆ 3,300ಕ್ಕೆ ಮಾತು ಮುಗಿಯಿತು. "ರವದಿಗೂ ರೇಟ್ ಬರತೈತೇನ?" ಅಂತ ಕೇಳಿದರು. ಸದ್ಯಕ್ಕೆ ಬರಲ್ಲ ಕಾಕಾ ಅಂದೆ. ಆದರೆ ಜಗತ್ತಿನ ಅತಿ ವೇಗದ ಕಾರುಗಳು ಇಂಥ ಇಂಧನದಲ್ಲಿ ಕೆಡದೆ 58 ಸುತ್ತು ಓಡಿದರೆ, ಹತ್ತು ವರ್ಷದಲ್ಲಿ ಯಾರಾದರೂ ಬಂದು ಕೇಳಿಯಾರು. ಈ ಭಾನುವಾರ ಎಂಜಿನ್‌ಗಳು ಸುಡದಿರಲಿ ಅಂತ ಬೇಡಿಕೊಳ್ಳಲು ನನಗೆ ಬೇರೆ ಕಾರಣ ಬೇಕಿಲ್ಲ.

"ನಮ್ಮವರು ಯಾರರ ಅದಾರೇನ ಅದರಾಗ?" ಪ್ರತಿ ವರ್ಷದ ಪ್ರಶ್ನೆ. ಇಲ್ಲ. ನಾರಾಯಣ್ ಕಾರ್ತಿಕೇಯನ್ 2005ರಲ್ಲಿ ಮೊದಲ ಭಾರತೀಯನಾಗಿ ಎಫ್1ಗೆ ಇಳಿದದ್ದು ಇದೇ ಮೆಲ್ಬರ್ನ್‌ನಲ್ಲಿ. 2012ರ ನಂತರ ಒಬ್ಬರೂ ಇಲ್ಲ. ಬೆಂಗಳೂರಿನ ಕುಶ್ ಮೈನಿ ಹೋದ ಮೇನಲ್ಲಿ ಮೊನಾಕೋದ ಎಫ್2 ಸ್ಪ್ರಿಂಟ್ ರೇಸ್ ಗೆದ್ದ. ಒಂದು ಮೆಟ್ಟಿಲು ಕೆಳಗಿನ ರೇಸು ಅದು, ಆ ಒಂದು ಮೆಟ್ಟಿಲೇ ಕಠಿಣ. ರೇಸಿಂಗ್ ಬುಲ್ಸ್‌ನಲ್ಲಿ ಚೊಚ್ಚಲ ಓಟಕ್ಕೆ ನಿಂತಿರುವ 18ರ ಆರ್ವಿಡ್ ಲಿಂಡ್‌ಬ್ಲಾಡ್ ಬ್ರಿಟಿಷ್ ಹುಡುಗ, ತಾಯಿಯ ಕಡೆಯಿಂದ ಭಾರತೀಯ ಮೂಲ. "ಅಂದರ ಅಳಿಯ ಆದ" ಅಂತ ಕಾಕಾ ಸಂಬಂಧ ಹಚ್ಚಿಬಿಟ್ಟರು. ಪಾಯಿಂಟ್ ತರುತ್ತಾನೆ ಅನ್ನೋದು ನನ್ನ ಆಸೆ, ಭವಿಷ್ಯವಲ್ಲ.

ಪಣ ಕಟ್ಟಿದ್ದೇವೆ. ನಂದು ರಸೆಲ್. ಕಾಕಾ ಯಾರ ಕಾರು ಹೇಗಿದೆ ಅಂತ ಕೇಳಲೇ ಇಲ್ಲ. ಹೋದ ವರ್ಷ 104 ಪಾಯಿಂಟ್ ಹಿಂದಿದ್ದವನು ಕೊನೆಗೆ ಎರಡೇ ಪಾಯಿಂಟಿನಲ್ಲಿ ಸೋತ ಅಂತ ವರ್ಸ್ಟಾಪನ್ ಕಥೆ ಹೇಳಿದ್ದೆ, ಅದನ್ನೇ ಹಿಡಿದರು. "ಎತ್ತ ಯಾರವರ ಇರ್ಲಿ, ಹೊಡಿಯಾಂವ ಗಟ್ಟಿ ಇರಬೇಕ. ನಂದು ಅವನ." ಸೋತವರು ಅರ್ಧ ಕೆಜಿ ಗೋಕಾಕ ಕರದಂಟು ತರಬೇಕು. ನಿಮ್ಮ ಲೆಕ್ಕ ಯಾರ ಮೇಲಿದೆ? ಭಾನುವಾರ ಒಂಬತ್ತೂವರೆಯೊಳಗೆ ಬರೆದು ಕಳಿಸಿ. ದೀಪ ಆರಿದ ಮೇಲೆ ಬಂದ ಭವಿಷ್ಯ ಲೆಕ್ಕಕ್ಕಿಲ್ಲ.