ಬೆನ್ನಿನ ಸೂಜಿಗೆ ಬಾಯಿಯ ಕಾವಲು

ಮೇಜಿನ ಮೇಲೆ ಕುರಿಯ ರಕ್ತ ಬೆರೆಸಿದ ಅಗರ್ ತಟ್ಟೆಗಳು ಎರಡು. ವೈದ್ಯಕೀಯ ಕಾಲೇಜೊಂದರಲ್ಲಿ ಅರಿವಳಿಕೆ ಓದುತ್ತಿರುವ ಹುಡುಗನೊಬ್ಬ ಹಿಂದಿನ ದಿನ ಅವುಗಳ ಮೇಲೆ ಬಾಗಿ ಮಾತಾಡಿದ್ದ. ಒಂದಕ್ಕೆ ಮಾಸ್ಕ್ ಹಾಕಿಕೊಂಡು, ಇನ್ನೊಂದಕ್ಕೆ ಹಾಗೇ. ಮಾಸ್ಕಿನ ತಟ್ಟೆ ಹೆಚ್ಚುಕಡಿಮೆ ಖಾಲಿ. ಇನ್ನೊಂದರ ತುಂಬ ರಾಗಿ ಕಾಳಿಗಿಂತ ಸಣ್ಣ ಚುಕ್ಕೆಗಳು. ಕೆಲವಕ್ಕೆ ಸುತ್ತಲೂ ಹಸಿರು ಅಂಚು. ಎಷ್ಟು ಹೊತ್ತು ನೋಡಿದರೂ ಸಾಲಲಿಲ್ಲ ನನಗೆ.

"ವಿರಿಡಾನ್ಸ್ ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ. ನಿಮ್ಮ ಬಾಯಲ್ಲೂ ಇದೆ ಸಾರ್, ನನ್ನ ಬಾಯಲ್ಲೂ ಇದೆ. ಅಲ್ಲಿ ಸಾಧು. ಬೆನ್ನುಹುರಿಯ ನೀರಿಗೆ ಇಳಿದರೆ ಅಲ್ಲಿ ತಡೆಯೋರು ಕಡಿಮೆ" ಎಂದರು ಅವನ ಪ್ರಾಧ್ಯಾಪಕಿ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸಿಸೇರಿಯನ್ ಮಾಡುವುದು ಗೊತ್ತಿರುವುದೇ. 1898ರಲ್ಲಿ ಜರ್ಮನಿಯ ಕೀಲ್‌ನಲ್ಲಿ ಆಗಸ್ಟ್ ಬಿಯರ್ ಕೊಕೇನ್ ಚುಚ್ಚಿ ತೋರಿಸಿದ ದಾರಿ ಅದು. ಸೂಜಿ ಹಾಕುವವರು ಮಾಸ್ಕ್ ಧರಿಸಬೇಕೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಮಾರ್ಗಸೂಚಿಯಲ್ಲಿ ಸೇರಿಸಿದ್ದು 2007ರಲ್ಲಿ. ಇಷ್ಟು ತಡವೇಕೆ? ಸೋಂಕು ಅಪರೂಪ, ಪುರಾವೆ ಸಾಲದು ಎಂಬ ವಾದ ವೈದ್ಯರಲ್ಲೇ ಇತ್ತು. ಆ ವಾದ ನನಗೆ ಒಪ್ಪಿಗೆಯಿಲ್ಲ.

2008-09ರಲ್ಲಿ ನ್ಯೂಯಾರ್ಕ್ ಮತ್ತು ಒಹಾಯೊದಲ್ಲಿ ಹೆರಿಗೆಗೆಂದು ಬಂದ ಐವರಿಗೆ ಈ ಇಂಜೆಕ್ಷನ್ ಆದಮೇಲೆ ಮೆನಿಂಜೈಟಿಸ್, ಅಂದರೆ ಮೆದುಳುಪೊರೆಯ ಉರಿಯೂತ, ಬಂತು. ಒಬ್ಬಾಕೆ ತೀರಿಕೊಂಡರು. ಒಹಾಯೊದ ವೈದ್ಯರು ಮಾಸ್ಕ್ ಹಾಕಿರಲಿಲ್ಲ. ನ್ಯೂಯಾರ್ಕಿನವರು ಹಾಕುವುದೇ ರೂಢಿ ಎಂದರು. ಆದರೆ ಆ ಆಸ್ಪತ್ರೆಯಲ್ಲಿ ಸೂಜಿ ಹಾಕುವ ಹೊತ್ತಿಗೆ ಮಾಸ್ಕಿಲ್ಲದ ಸಂದರ್ಶಕರು ಕೋಣೆಯಲ್ಲಿರುವುದು ಮಾಮೂಲಾಗಿತ್ತಂತೆ!

ಈ ಸಂದರ್ಶಕರು ನನ್ನ ತಲೆಯಿಂದ ಇಳಿಯುತ್ತಿಲ್ಲ. ನಮ್ಮಲ್ಲೂ ಬಸುರಿ ಬೆನ್ನು ಬಾಗಿಸಿ ಕೂತಿರುತ್ತಾಳೆ, ಹಿಂದೆ ಟ್ರೇ ತೆರೆದಿರುತ್ತದೆ. ಎದುರಿಗೆ ನಿಂತ ಸಿಸ್ಟರ್ ಭುಜ ಹಿಡಿದು "ಅಲುಗಾಡಬೇಡಮ್ಮಾ, ಆಗೋಯ್ತು" ಎನ್ನುತ್ತಿರುತ್ತಾರೆ. ಆ ಮಾತು ಬೇಕೇ ಬೇಕು, ಅದಿಲ್ಲದೆ ಯಾವ ಹೆಣ್ಣೂ ಅಷ್ಟು ನಿಶ್ಚಲವಾಗಿ ಕೂರಲಾರಳು. ಹಾಗಾಗಿ ಮಾಸ್ಕ್ ಸಿಸ್ಟರ್‌ಗೂ ಬೇಕು, ಬಾಗಿಲಲ್ಲಿ ಇಣುಕುವ ವಾರ್ಡ್‌ಬಾಯ್‌ಗೂ ಬೇಕು.

ಉಳಿದದ್ದು ಕೈತೊಳೆತ, ಸ್ಟೆರೈಲ್ ಗ್ಲೌಸ್, ಆಲ್ಕೋಹಾಲಿನ ಕ್ಲೋರ್‌ಹೆಕ್ಸಿಡಿನ್. ಕ್ಲೋರ್‌ಹೆಕ್ಸಿಡಿನ್ ಪೂರ್ತಿ ಒಣಗುವವರೆಗೆ ಸೂಜಿ ಮುಟ್ಟಿಸಬಾರದು. ಹಸಿಯಾಗಿ ಒಳಹೋದರೆ ಅದೇ ನರಕ್ಕೆ ವಿಷ.

ಔಷಧವೇ ಕೆಟ್ಟಿದ್ದರೆ ಮಾತ್ರ ಮಾಸ್ಕ್ ಏನೂ ಮಾಡಲಾರದು. 2012ರಲ್ಲಿ ಮ್ಯಾಸಚೂಸೆಟ್ಸ್‌ನ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ತಯಾರಿಸಿದ ಸ್ಟೀರಾಯ್ಡ್ ಸೀಸೆಗಳಲ್ಲಿ ಶಿಲೀಂಧ್ರವಿತ್ತು. ಬೆನ್ನುನೋವಿಗೆಂದು, ಕೀಲುನೋವಿಗೆಂದು ಅದನ್ನು ಚುಚ್ಚಿಸಿಕೊಂಡವರಲ್ಲಿ ಏಳುನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಅರವತ್ತಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರಲ್ಲಿ ಸಿಕ್ಕ ಎಕ್ಸೆರೊಹೈಲಮ್ ರೋಸ್ಟ್ರೇಟಮ್, ಹುಲ್ಲಿನ ಜಾತಿಯ ಗಿಡಗಳ ಮೇಲೆ ಬೆಳೆಯುವ ಶಿಲೀಂಧ್ರ. ನಮ್ಮ ಮೆಕ್ಕೆಜೋಳದ ಎಲೆ ಸುಡುವ ಟರ್ಸಿಕಮ್ ಅಂಗಮಾರಿಯ ದಾಯಾದಿ.